ಕಟ್ಟುಕಥೆಯ ಕಟ್ಟು: ಅನಿಮೇಷನ್ ರಾಜಕುಮಾರಿಯರ ಲೋಕದಲ್ಲಿ ಮಾಯೆ, ಪುರಾಣ, ನಂಬಿಕೆ



ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಈ ಉಪನ್ಯಾಸದ ಸಂಘಟಕರು ಹೇಳಿದಾಗ, ರಾಜಕುಮಾರಿಯರ ಅನಿಮೇಷನ್ ಚಿತ್ರಗಳ ಬಗ್ಗೆ ಮಾತಾಡುತ್ತೇನೆ ಎಂದೆ. ಅವರು ಸಂತೋಷದಿಂದ ಒಪ್ಪಿದರು. ಅದಕ್ಕೆ ನಾನು ಋಣಿ. ಇಂದಿನ ಎಷ್ಟೋ ಮಕ್ಕಳ ಮನಸ್ಸಿನಲ್ಲಿ ಮೊದಲು ಬಂದು ಕೂರುವ ಕಥೆಗಳು ಇವೇ. ಅಂಥ ಕಥೆಗಳನ್ನು ಹೇಗೆ ಕಟ್ಟಿದ್ದಾರೆ ಎಂಬುದನ್ನು ದೊಡ್ಡವರು ಒಂದು ಸಂಜೆಯಾದರೂ ಕೂತು ಯೋಚಿಸಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಹ್ಞೂಂ ಎನ್ನುವ ಕಿವಿ

ನಾನು ಚಿಕ್ಕವಳಿದ್ದಾಗ ನಮ್ಮಜ್ಜಿ ಕಥೆ ಹೇಳುವುದಕ್ಕೆ ಒಂದು ಕರಾರು ಹಾಕುತ್ತಿದ್ದಳು. ಕೇಳುವವರು ಮಾತು ಮಾತಿಗೂ ‘ಹ್ಞೂಂ’ ಅನ್ನಬೇಕು. ಹ್ಞೂಂ ನಿಂತರೆ ಕಥೆಯೂ ನಿಂತಿತು. ಏಳು ಸಮುದ್ರದಾಚೆ ಗಿಳಿಯೊಂದರಲ್ಲಿ ರಾಕ್ಷಸನ ಪ್ರಾಣ ಇದೆ ಎಂದಾಗ ನಾವು ಹ್ಞೂಂ ಅಂದಿದ್ದೇವೆ. ಆದರೆ ಅದೇ ಅಜ್ಜಿ ನಿದ್ದೆಗಣ್ಣಿನಲ್ಲಿ ಆ ಗಿಳಿಯನ್ನು ಪಾರಿವಾಳ ಅಂದುಬಿಟ್ಟರೆ, ಎಲ್ಲರೂ ಒಟ್ಟಿಗೆ ಎದ್ದು ಕೂತು ‘ಅಲ್ಲ ಅಜ್ಜಿ, ಗಿಳಿ!’ ಎಂದು ಕೂಗುತ್ತಿದ್ದೆವು. ಪ್ರಾಣವನ್ನು ಹಕ್ಕಿಯಲ್ಲಿ ಬಚ್ಚಿಡುವುದು ನಮಗೆ ಒಪ್ಪಿಗೆ. ಹಕ್ಕಿ ಬದಲಾಗುವುದು ಒಪ್ಪಿಗೆಯಲ್ಲ.

ಈಗ ನಾನೇ ಅಜ್ಜಿಯಾಗಿದ್ದೇನೆ. ಮೊಮ್ಮಗಳ ಜೊತೆ ಕೂತು 1950ರ ‘ಸಿಂಡ್ರೆಲ್ಲಾ’ ನೋಡುತ್ತಿದ್ದೆ. ಗಡಿಯಾರ ಹನ್ನೆರಡು ಹೊಡೆಯಿತು. ಸಾರೋಟು ಕುಂಬಳಕಾಯಿಯಾಯಿತು, ಕುದುರೆಗಳು ಇಲಿಗಳಾದವು, ರೇಷ್ಮೆಯುಡುಪು ಹರಕು ಬಟ್ಟೆಯಾಯಿತು. ಮಗು ನನ್ನ ಸೆರಗು ಜಗ್ಗಿ ಕೇಳಿತು: ‘ಅಜ್ಜೀ, ಹನ್ನೆರಡು ಹೊಡೆದ್ರೆ ಎಲ್ಲಾ ಮೊದಲಿನ ಹಾಗೆ ಆಗತ್ತೆ ಅಂದಿದ್ರಲ್ಲ, ಗಾಜಿನ ಚಪ್ಪಲಿ ಮಾತ್ರ ಯಾಕೆ ಹಾಗೇ ಉಳೀತು?’

‘ಅದು ಕಥೆ ಪುಟ್ಟಾ, ಕಥೇಲಿ ಹಾಗೇ’ ಎಂದುಬಿಟ್ಟೆ. ಆ ಉತ್ತರ ತಪ್ಪು ಎಂದು ಆಗಲೇ ಗೊತ್ತಿತ್ತು. ಈ ಉಪನ್ಯಾಸ ಆ ಮಗುವಿಗೆ ಸರಿಯಾದ ಉತ್ತರ ಹುಡುಕುವ ಪ್ರಯತ್ನ.

ಸುಳ್ಳು ಹೇಳುವವರಿಗೆ ನಾವು ‘ಕಟ್ಟುಕಥೆ ಹೇಳಬೇಡ’ ಅನ್ನುತ್ತೇವೆ. ಆದರೆ ಈ ‘ಕಟ್ಟು’ ಎಂಬ ಮಾತನ್ನು ಸ್ವಲ್ಪ ನಿಂತು ನೋಡಿ. ಮನೆ ಕಟ್ಟುತ್ತೇವೆ, ಮಾಲೆ ಕಟ್ಟುತ್ತೇವೆ, ಹಸುವನ್ನು ಗೂಟಕ್ಕೆ ಕಟ್ಟುತ್ತೇವೆ. ಊರಿಗೊಂದು ಕಟ್ಟುಪಾಡು, ಪೂಜೆಗೊಂದು ಕಟ್ಟಳೆ, ಕೆರೆಗೊಂದು ಕಟ್ಟೆ. ನಿರ್ಮಿಸುವುದಕ್ಕೂ ಬಿಗಿಯುವುದಕ್ಕೂ ಕನ್ನಡ ಒಂದೇ ಧಾತುವನ್ನು ಇಟ್ಟುಕೊಂಡಿದೆ. ಕಟ್ಟಿದ ಕಥೆಗೆ ಕಟ್ಟು ಇರಲೇಬೇಕು ಎಂಬುದು ಆ ಪದದೊಳಗೇ ಇದೆ. ಮಾಯೆ ನಂಬಿಕೆಗೆ ಬರುವುದು ಅದು ಎಷ್ಟು ದೊಡ್ಡದು ಎಂಬುದರಿಂದಲ್ಲ, ಅದಕ್ಕೆ ಎಂಥ ಕಟ್ಟು ಇದೆ ಎಂಬುದರಿಂದ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೆ.

ಕನ್ನಡಿ ಮಾತಾಡಿತು, ರಾಜಕುಮಾರ ನಡೆಯಲಿಲ್ಲ

1937ರ ಡಿಸೆಂಬರ್ 21ರಂದು ಲಾಸ್ ಏಂಜಲೀಸ್‌ನ ಕಾರ್ಥೇ ಸರ್ಕಲ್ ಚಿತ್ರಮಂದಿರದಲ್ಲಿ ‘ಸ್ನೋ ವೈಟ್ ಅಂಡ್ ದ ಸೆವೆನ್ ಡ್ವಾರ್ಫ್ಸ್’ ಮೊದಲು ತೆರೆಕಂಡಿತು. ವಾಲ್ಟ್ ಡಿಸ್ನಿಯವರ ಮೊದಲ ಪೂರ್ಣಾವಧಿ ಅನಿಮೇಷನ್ ಚಿತ್ರ ಅದು. ತಯಾರಾಗುತ್ತಿದ್ದಾಗ ಚಿತ್ರೋದ್ಯಮದವರು ಅದನ್ನು ‘ಡಿಸ್ನಿಯ ಹುಚ್ಚು’ ಎಂದೇ ಕರೆಯುತ್ತಿದ್ದರು. ಏಳೆಂಟು ನಿಮಿಷದ ನಗೆಚಿತ್ರಕ್ಕೆ ಒಗ್ಗಿದ ಜನ, ಬಣ್ಣ ಬಳಿದ ಗೆರೆಗಳನ್ನು ಒಂದು ಗಂಟೆಗೂ ಹೆಚ್ಚು ಹೊತ್ತು ನೋಡಿ ಅಳುತ್ತಾರೆಯೇ ಎಂಬುದು ಅವರ ಸಂಶಯ. ಜನ ಅತ್ತರು. ಗಾಜಿನ ಪೆಟ್ಟಿಗೆಯ ಸುತ್ತ ಮಂಡಿಯೂರಿದ ಕುಬ್ಜರ ಜೊತೆ ಅತ್ತರು.

ಆ ಚಿತ್ರದಲ್ಲಿ ನಂಬಲು ಅತ್ಯಂತ ಕಷ್ಟವಾದ ಪಾತ್ರ ಯಾವುದು? ಮಾತಾಡುವ ಕನ್ನಡಿಯಲ್ಲ, ಮುದುಕಿಯಾಗಿ ಮಾರ್ಪಡುವ ರಾಣಿಯಲ್ಲ, ರಾಜಕುಮಾರ. ಸಾಮಾನ್ಯ ಗಂಡಸೊಬ್ಬನ ನಡಿಗೆ, ನೋಟಗಳನ್ನು ಸಹಜವಾಗಿ ಬರೆಯುವುದು ಅಂದಿನ ಚಿತ್ರಕಾರರಿಗೆ ಎಷ್ಟು ತೊಡಕಾಯಿತೆಂದರೆ ಅವನ ಪಾತ್ರವನ್ನೇ ಮೊಟಕುಗೊಳಿಸಬೇಕಾಯಿತು. ಸ್ನೋ ವೈಟ್‌ಗಾಗಿ ಮಾರ್ಜ್ ಚಾಂಪಿಯನ್ ಎಂಬ ನರ್ತಕಿಯನ್ನು ಕುಣಿಸಿ, ಓಡಾಡಿಸಿ, ಅದನ್ನು ಚಿತ್ರೀಕರಿಸಿ, ಆ ಚಲನೆಯನ್ನು ನೋಡಿ ಬರೆದರು. ಕನ್ನಡಿ ಮಾತಾಡಿದ್ದನ್ನು ನಾವು ಯಾರೂ ಕಂಡಿಲ್ಲ. ಆದ್ದರಿಂದ ಅದು ಹೀಗೇ ಮಾತಾಡಬೇಕು ಎಂದು ತಕರಾರು ತೆಗೆಯುವವರಿಲ್ಲ. ಮನುಷ್ಯ ನಡೆಯುವುದನ್ನು ಹುಟ್ಟಿದಂದಿನಿಂದ ಕಂಡಿದ್ದೇವೆ. ಒಂದು ಹೆಜ್ಜೆ ತಪ್ಪಿದರೂ ಕಣ್ಣು ಹ್ಞೂಂ ಅನ್ನುವುದಿಲ್ಲ.

ಅಸಂಭವವಾದರೂ ಒಪ್ಪುವಂತಿರುವುದು, ಸಂಭವವಾದರೂ ಒಪ್ಪಲಾಗದ್ದಕ್ಕಿಂತ ಮೇಲು ಎಂದು ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಹೇಳುತ್ತಾನೆ. ಡಿಸ್ನಿ 1956ರಲ್ಲಿ ಅನಿಮೇಷನ್ ಕುರಿತ ತಮ್ಮ ಟಿವಿ ಕಾರ್ಯಕ್ರಮದ ಒಂದು ಕಂತಿಗೆ ‘ನಂಬಬಹುದಾದ ಅಸಾಧ್ಯ’ ಎಂಬ ಅರ್ಥದ ಹೆಸರನ್ನೇ ಇಟ್ಟರು.

‘ಸ್ನೋ ವೈಟ್’ನಲ್ಲಿ ಕಟ್ಟು ಎಲ್ಲಿದೆ? ವಿಷದ ಸೇಬು ತಯಾರಾದ ಮೇಲೆ ರಾಣಿ ಇದಕ್ಕೆ ಪರಿಹಾರವೇನಾದರೂ ಇದೆಯೇ ಎಂದು ಪುಸ್ತಕ ತಿರುವುತ್ತಾಳೆ. ಪ್ರೀತಿಯ ಮೊದಲ ಮುತ್ತು ಮಾತ್ರ ಎಚ್ಚರಿಸಬಲ್ಲದು ಎಂದು ಓದುತ್ತಾಳೆ. ಕುಬ್ಜರು ಇವಳನ್ನು ಸತ್ತಳೆಂದುಕೊಂಡು ಹೂತುಬಿಡುತ್ತಾರೆ ಎಂದು ನಗುತ್ತಾಳೆ. ಅವಳ ಲೆಕ್ಕ ತಪ್ಪುವುದು ಒಂದೇ ಕಡೆ: ಅಷ್ಟು ಪ್ರೀತಿಸಿದವಳನ್ನು ಮಣ್ಣಿಗಿಡಲು ಕುಬ್ಜರಿಗೆ ಕೈ ಬರುವುದಿಲ್ಲ. ಅದಕ್ಕೇ ಗಾಜಿನ ಪೆಟ್ಟಿಗೆ ಮಾಡುತ್ತಾರೆ. ಗ್ರಿಮ್ ಸಹೋದರರ ಪ್ರಸಿದ್ಧ ಪಾಠದಲ್ಲಿ ಮುತ್ತೇ ಇಲ್ಲ. ಪೆಟ್ಟಿಗೆ ಹೊತ್ತವರು ಎಡವಿದಾಗ ಗಂಟಲಲ್ಲಿ ಸಿಕ್ಕಿದ್ದ ಸೇಬಿನ ಚೂರು ಹೊರಬರುತ್ತದೆ. ಅದು ಜನಪದ ಕಥೆಯ ಆಕಸ್ಮಿಕ. ಚಿತ್ರ ಅದನ್ನು ಬಿಟ್ಟು, ಮೊದಲೇ ಹೇಳಿದ ನಿಯಮವೊಂದನ್ನು ಇಟ್ಟಿತು. ಕೊನೆಗೆ ಕಣ್ಣು ತೆರೆದಾಗ ನಮಗೆ ಮೋಸವಾದಂತೆ ಅನ್ನಿಸದಿರುವುದು ಅದರಿಂದ.

ಶಾಪಕ್ಕೊಂದು ಎಲ್ಲೆ

1959ರ ‘ಸ್ಲೀಪಿಂಗ್ ಬ್ಯೂಟಿ’ಯ ತೊಟ್ಟಿಲ ಸಮಾರಂಭ ನೆನಪಿಸಿಕೊಳ್ಳಿ. ಕರೆಯದೆ ಬಂದ ಮಾಟಗಾತಿ ಮೆಲಫಿಸೆಂಟ್, ಹದಿನಾರನೆಯ ಹುಟ್ಟುಹಬ್ಬದ ಸೂರ್ಯ ಮುಳುಗುವ ಮೊದಲು ರಾಟೆಯ ಕದಿರು ಚುಚ್ಚಿ ಮಗು ಸಾಯಲಿ ಎಂದು ಶಪಿಸುತ್ತಾಳೆ. ಮೂವರು ಕಿನ್ನರಿಯರಲ್ಲಿ ಕೊನೆಯವಳು ಇನ್ನೂ ವರ ಕೊಟ್ಟಿರುವುದಿಲ್ಲ. ಆದರೆ ಶಾಪವನ್ನು ಅಳಿಸುವ ಶಕ್ತಿ ಅವಳಿಗಿಲ್ಲ. ಸಾವನ್ನು ನಿದ್ದೆಯಾಗಿ ಮೆದುಗೊಳಿಸಬಲ್ಲಳು, ಅಷ್ಟೆ.

ಇದನ್ನು ನೋಡುವ ಕನ್ನಡದ ಹೆಂಗಸರು ‘ಹೌದಲ್ಲ, ಶಾಪ ಅಂದ್ರೆ ಹಾಗೇ’ ಎಂದು ತಲೆಯಾಡಿಸುತ್ತಾರೆ. ನಮ್ಮ ಪುರಾಣಗಳ ನಿಯಮವೂ ಅದೇ. ಆಡಿದ ಶಾಪವನ್ನು ಕೊಟ್ಟವರೂ ಹಿಂದೆ ತೆಗೆದುಕೊಳ್ಳಲಾರರು. ಅದಕ್ಕೊಂದು ವಿಮೋಚನೆಯ ದಾರಿ ತೋರಬಹುದು. ಕಾಳಿದಾಸನ ನಾಟಕದಲ್ಲಿ ನಾಯಕಿಯ ಗೆಳತಿ ಕಾಲಿಗೆ ಬಿದ್ದು ಬೇಡಿದಾಗ ದುರ್ವಾಸರು ಶಾಪವನ್ನು ರದ್ದು ಮಾಡುವುದಿಲ್ಲ. ಗುರುತಿನ ಆಭರಣ ಕಂಡಾಗ ಕೊನೆಗೊಳ್ಳುತ್ತದೆ ಎನ್ನುತ್ತಾರೆ. ಆ ಒಂದು ಮಾತಿನಿಂದ ನಾಯಕಿಯ ಬೆರಳಿನ ಉಂಗುರಕ್ಕೆ ತೂಕ ಬರುತ್ತದೆ, ಅದು ನೀರಿಗೆ ಬಿದ್ದಾಗ ನಮ್ಮ ಎದೆ ಝಲ್ಲೆನ್ನುತ್ತದೆ. ಯುರೋಪಿನ ಕಥೆಯೂ ಭಾರತದ ಕಥೆಯೂ ಒಂದನ್ನೊಂದು ನೋಡಿ ಕಲಿತವು ಎಂದು ನಾನು ಹೇಳುತ್ತಿಲ್ಲ. ಕಥೆ ಹೇಳುವವರು ಎಲ್ಲೇ ಇರಲಿ, ಮಾತಿಗೆ ಬೆಲೆಯಿರಬೇಕಾದರೆ ಆಡಿದ್ದನ್ನು ಅಳಿಸುವಂತಿರಬಾರದು ಎಂಬುದನ್ನು ಕಂಡುಕೊಂಡಿದ್ದಾರೆ.

ಅದೇ ಚಿತ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಿನ್ನರಿಯರು ಮಗುವನ್ನು ಕಾಡಿನ ಗುಡಿಸಲಿನಲ್ಲಿ ಬಚ್ಚಿಟ್ಟು ಸಾಕುವಾಗ ಮಾಯೆಯನ್ನೇ ಬಿಟ್ಟಿರುತ್ತಾರೆ. ಹದಿನಾರು ವರ್ಷ ತಡೆದುಕೊಂಡವರು ಹುಟ್ಟುಹಬ್ಬದ ದಿನ ಕೇಕು ಸರಿಯಾಗಲಿಲ್ಲ, ಉಡುಪು ಹೊಲಿಯಲು ಬರಲಿಲ್ಲ ಎಂದು ಮಂತ್ರದಂಡ ಹೊರತೆಗೆಯುತ್ತಾರೆ. ಬಣ್ಣಬಣ್ಣದ ಕಿಡಿಗಳು ಹೊಗೆಗೂಡಿನಿಂದ ಹೊರಬೀಳುತ್ತವೆ. ಮೆಲಫಿಸೆಂಟಳ ಕಾಗೆ ಅದನ್ನು ನೋಡಿಬಿಡುತ್ತದೆ. ಮಾಯೆ ಇಲ್ಲಿ ಸೌದೆ ಒಲೆಯ ಹಾಗೆ. ಹಚ್ಚಿದರೆ ಹೊಗೆ ಬಂದೇ ಬರುತ್ತದೆ, ಊರಿಗೆ ಗೊತ್ತಾಗುತ್ತದೆ.

ಕಟ್ಟು ಸಡಿಲಾದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಕೊಡಬೇಕು. 1991ರ ‘ಬ್ಯೂಟಿ ಅಂಡ್ ದ ಬೀಸ್ಟ್’ ನಾನು ತುಂಬ ಪ್ರೀತಿಸುವ ಚಿತ್ರ. ಆಸ್ಕರ್‌ನ ಅತ್ಯುತ್ತಮ ಚಿತ್ರ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಮೊದಲ ಅನಿಮೇಷನ್ ಚಿತ್ರ. ಚಿತ್ರಕಾರ ಗ್ಲೆನ್ ಕೀನ್, ಶಾಪದಿಂದ ಮೃಗವಾದ ರಾಜಕುಮಾರನನ್ನು ಕಾಡೆಮ್ಮೆಯ ತಲೆ, ಸಿಂಹದ ಕೇಸರ, ಹಂದಿಯ ಕೋರೆ, ಕರಡಿಯ ಮೈ, ತೋಳದ ಕಾಲು ಸೇರಿಸಿ ರೂಪಿಸಿದರು. ಒಂದೊಂದು ಅಂಗವೂ ನಿಜವಾದ ಪ್ರಾಣಿಯದಾದ್ದರಿಂದ ಇಡೀ ಮೃಗ ನಿಜವಾಯಿತು. ಆದರೆ ರಾಜಕುಮಾರನಿಗೆ ಇಪ್ಪತ್ತೊಂದು ತುಂಬುವ ತನಕ ಶಾಪದ ಗಡುವು ತೋರುವ ಗುಲಾಬಿ ಅರಳಿರುತ್ತದೆ ಎಂದು ಚಿತ್ರದ ಆರಂಭ ಹೇಳುತ್ತದೆ. ಹತ್ತು ವರ್ಷದಿಂದ ಹೀಗಿದ್ದೇವೆ ಎಂದು ಸೇವಕರ ಹಾಡು ಹೇಳುತ್ತದೆ. ಕಳೆದು ನೋಡಿ: ಶಾಪ ತಟ್ಟಿದಾಗ ಅವನು ಹತ್ತು ಹನ್ನೊಂದರ ಹುಡುಗ. ಚಳಿಗಾಲದ ರಾತ್ರಿ ಅಪರಿಚಿತ ಮುದುಕಿಗೆ ಆಶ್ರಯ ಕೊಡದ ಮಗುವಿಗೆ ಇಷ್ಟು ಘೋರ ಶಿಕ್ಷೆಯೇ? ಲೆಕ್ಕದಲ್ಲಿ ಬಿಟ್ಟ ಬಿರುಕು ಕಥೆಯ ನ್ಯಾಯದವರೆಗೆ ಹಬ್ಬುತ್ತದೆ.

ಹಿಮದ ನಿಯಮ

1939ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ, ಆಂಡ್ರ್ಯೂ ಲ್ಯಾಂಗ್ ಅವರ ಹೆಸರಿನ ಉಪನ್ಯಾಸಮಾಲೆಯಲ್ಲಿ, ಲೇಖಕ ಟೋಲ್ಕಿನ್ ಕಿನ್ನರ ಕಥೆಗಳ ಬಗ್ಗೆ ಮಾತಾಡಿದರು. ಹಸಿರು ಸೂರ್ಯ ಎಂದು ಯಾರು ಬೇಕಾದರೂ ಹೇಳಬಹುದು, ಆ ಹಸಿರು ಸೂರ್ಯನನ್ನು ನಂಬುವಂಥ ಲೋಕವನ್ನು ಕಟ್ಟುವುದಕ್ಕೆ ಮಾತ್ರ ದುಡಿಮೆ ಬೇಕು ಎಂಬುದು ಅವರ ವಾದದ ಸಾರ. ಅಂಥ ದುಡಿಮೆಯನ್ನು ನಾನು 2013ರ ‘ಫ್ರೋಜನ್’ನಲ್ಲಿ ಕಾಣುತ್ತೇನೆ.

ಹಿಮ ವಿಚಿತ್ರ ವಸ್ತು. ಮುಷ್ಟಿಯಲ್ಲಿ ಒತ್ತಿದರೆ ಕಲ್ಲಿನ ಹಾಗೆ, ಜಾರಿದರೆ ಮರಳಿನ ಹಾಗೆ. ಅದರ ನಡವಳಿಕೆಯನ್ನು ಕಂಪ್ಯೂಟರಿನಲ್ಲಿ ಹಿಡಿಯಲು ಡಿಸ್ನಿಯ ತಂತ್ರಜ್ಞರು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗಣಿತಜ್ಞರ ಜೊತೆ ಸೇರಿ ಹೊಸ ವಿಧಾನವನ್ನೇ ರೂಪಿಸಿದರು. ಹಿಮಹರಳುಗಳನ್ನು ಅಧ್ಯಯನ ಮಾಡುವ ಭೌತವಿಜ್ಞಾನಿ ಕೆನೆತ್ ಲಿಬ್ರೆಕ್ಟ್ ಅವರಿಂದ ಸಲಹೆ ಪಡೆದರು. ಹಿಮಹರಳಿಗೆ ಆರು ಮೂಲೆ. ಹಿಮವನ್ನು ಸೃಷ್ಟಿಸಬಲ್ಲ ರಾಣಿ ಎಲ್ಸಾ ನೆಲಕ್ಕೆ ಕಾಲೊತ್ತಿದಾಗ ಹರಡುವ ವಿನ್ಯಾಸಕ್ಕೂ ಆರೇ ಮೂಲೆ. ಬೆರಳ ತುದಿಯಿಂದ ಅರಮನೆ ಏಳುವುದು ಅಸಾಧ್ಯ. ಎದ್ದ ಅರಮನೆ ಮಾತ್ರ ಹಿಮದ ಕಾನೂನಿಗೆ ತಲೆಬಾಗುತ್ತದೆ.

ಇಷ್ಟಾದರೂ ನಾವು ನಿಜವಾಗಿ ಹ್ಞೂಂ ಅನ್ನುವುದು ಅದರ ಭೌತಶಾಸ್ತ್ರಕ್ಕಲ್ಲ. ಎಲ್ಸಾಳ ತಂಗಿ ಅನ್ನಾಳ ಹೃದಯ ಹೆಪ್ಪುಗಟ್ಟಿದಾಗ, ನಿಜವಾದ ಪ್ರೀತಿಯ ಒಂದು ಕೃತ್ಯ ಮಾತ್ರ ಅದನ್ನು ಕರಗಿಸಬಲ್ಲದು ಎಂದು ಹಿರಿಯ ಟ್ರೋಲ್ ಹೇಳುತ್ತಾನೆ. ಪಾತ್ರಗಳೂ ನಾವೂ ಅದನ್ನು ರಾಜಕುಮಾರನ ಮುತ್ತು ಎಂದುಕೊಳ್ಳುತ್ತೇವೆ. ‘ಸ್ನೋ ವೈಟ್’ನಿಂದ ಹಾಗೇ ಕಲಿತಿದ್ದೇವೆ. ಕೊನೆಗೆ ಅನ್ನಾ ತನ್ನನ್ನು ಉಳಿಸಿಕೊಳ್ಳುವುದನ್ನು ಬಿಟ್ಟು ಅಕ್ಕನ ಮೇಲೆತ್ತಿದ ಕತ್ತಿಗೆ ಅಡ್ಡ ನಿಲ್ಲುತ್ತಾಳೆ. ಪ್ರೀತಿಯ ಕೃತ್ಯ ಮಾಡಬೇಕಾದವಳು ಅವಳೇ ಆಗಿದ್ದಳು. ನಿಯಮದ ಒಂದಕ್ಷರವೂ ಬದಲಾಗಲಿಲ್ಲ, ಅದನ್ನು ಓದುವ ನಮ್ಮ ಕಣ್ಣು ಬದಲಾಯಿತು. ಕಥೆ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಗೆಲುವು ಇಲ್ಲ ಎಂದು ನಾನು ಭಾವಿಸಿದ್ದೇನೆ.

ಪುರಾಣ ಯಾರದು?

ಈಗ ಪುರಾಣದ ಮಾತಿಗೆ ಬರುತ್ತೇನೆ. ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ, ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ರಸಾನುಭವಕ್ಕೆ ಬರುವ ವಿಘ್ನಗಳನ್ನು ಪಟ್ಟಿ ಮಾಡುತ್ತಾನೆ. ಮೊದಲನೆಯ ವಿಘ್ನವೇ ಸಂಭಾವನೆಯ ಕೊರತೆ, ಎಂದರೆ ‘ಇದು ಆಗಬಹುದು’ ಎಂದು ಅನ್ನಿಸದಿರುವುದು. ಅವನು ಸೂಚಿಸುವ ಪರಿಹಾರ ಅದ್ಭುತವಾಗಿದೆ: ಅಸಾಮಾನ್ಯ ಕಾರ್ಯಗಳನ್ನು ತೋರಿಸುವಾಗ ಪ್ರಖ್ಯಾತ ಕಥೆಯನ್ನೂ ಪ್ರಖ್ಯಾತ ಪಾತ್ರವನ್ನೂ ಆರಿಸಿಕೊ. ರಾಮನೆಂಬ ಹೆಸರಿನ ಹಿಂದೆ ತಲೆತಲಾಂತರದ ನಂಬಿಕೆ ಬೇರುಬಿಟ್ಟಿರುತ್ತದೆ. ಅದು ನೋಡುವವರ ಮನಸ್ಸನ್ನು ಮೊದಲೇ ಹದ ಮಾಡಿರುತ್ತದೆ.

ಪುರಾಣ ಎಂದರೆ ಜನ ಕೂಡಿಟ್ಟ ಹ್ಞೂಂಗಳ ಭಂಡಾರ. ಅದರಿಂದ ಕಥೆ ಸಾಲ ಪಡೆಯಬಹುದು. ಸಾಲ ಪಡೆದವರಿಗೆ ಋಣವೂ ಇರುತ್ತದೆ.

2016ರ ‘ಮೊವಾನಾ’ ಈ ಸಾಲ ಮತ್ತು ಋಣ ಎರಡನ್ನೂ ತೋರಿಸುತ್ತದೆ. ಪೆಸಿಫಿಕ್ ದ್ವೀಪಗಳ ಪೂರ್ವಿಕರು ಸುಮಾರು 3000 ವರ್ಷದ ಹಿಂದೆ ಸಮೋವಾ, ಟೋಂಗಾ ತಲುಪಿದರು. ಆಮೇಲೆ ಪೂರ್ವಕ್ಕೆ ಮತ್ತೆ ದೋಣಿ ಹೊರಡುವ ಮುನ್ನ ಸಾವಿರ ವರ್ಷಕ್ಕೂ ಹೆಚ್ಚಿನ ವಿರಾಮವಿತ್ತು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಈ ಜನ ಸಮುದ್ರಯಾನವನ್ನು ಯಾಕೆ ನಿಲ್ಲಿಸಿದರು, ಯಾಕೆ ಮತ್ತೆ ಹೊರಟರು? ಆ ಪ್ರಶ್ನೆಯ ಜಾಗದಲ್ಲೇ ಚಿತ್ರ ತನ್ನ ಹುಡುಗಿಯನ್ನು ನಿಲ್ಲಿಸುತ್ತದೆ. ನಕ್ಷತ್ರಕ್ಕೆ ಅಂಗೈ ಹಿಡಿದು ದಾರಿ ಅಳೆಯುವುದು ಅಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. 1976ರಲ್ಲಿ ‘ಹೊಕುಲೆಯ’ ಎಂಬ ಜೋಡಿ ದೋಣಿ, ಮೌ ಪಿಯೈಲುಗ್ ಎಂಬ ಹಿರಿಯ ನಾವಿಕರ ಮಾರ್ಗದರ್ಶನದಲ್ಲಿ, ಆಧುನಿಕ ಉಪಕರಣಗಳಿಲ್ಲದೆ ಹವಾಯಿಯಿಂದ ತಾಹಿತಿಗೆ ಹೋಗಿ ಆ ವಿದ್ಯೆ ನಿಜವೆಂದು ತೋರಿಸಿತ್ತು. ಸಮುದ್ರವೇ ಹುಡುಗಿಯೊಂದಿಗೆ ಆಡುವ ಅದ್ಭುತವನ್ನು ನಾವು ಒಪ್ಪುವುದು, ಅವಳು ಹಗ್ಗ ಬಿಗಿಯುವುದನ್ನು ಕಲಿಯಲೇಬೇಕಾಗಿರುವುದರಿಂದ. ಸಮುದ್ರ ಅವಳನ್ನು ಆರಿಸಿಕೊಳ್ಳುತ್ತದೆ, ಆದರೆ ಅವಳ ಬದಲು ದೋಣಿ ನಡೆಸುವುದಿಲ್ಲ.

ಚಿತ್ರತಂಡ ದ್ವೀಪಗಳ ವಿದ್ವಾಂಸರು, ಕಲಾವಿದರು, ಹಿರಿಯರ ಸಲಹಾ ಬಳಗವೊಂದನ್ನು ಕಟ್ಟಿಕೊಂಡಿತ್ತು. 2017ರಲ್ಲಿ ಮಾವೊರಿ ಭಾಷೆಯಲ್ಲೂ ಚಿತ್ರ ಬಂತು. ಹಾಗಿದ್ದೂ ನೋವು ತಪ್ಪಲಿಲ್ಲ. ತೆಫಿತಿ ಎಂಬ ದೇವತೆ ಚಿತ್ರಕ್ಕಾಗಿ ಕಲ್ಪಿಸಿದವಳು. ಮಾವಿ ಮಾತ್ರ ಅನೇಕ ದ್ವೀಪಗಳಲ್ಲಿ ಇಂದಿಗೂ ಜೀವಂತವಾಗಿರುವ ವೀರ, ಸೂರ್ಯನಿಗೆ ಕುಣಿಕೆ ಹಾಕಿದವನು, ಸಮುದ್ರದಿಂದ ನೆಲವನ್ನು ಗಾಳ ಹಾಕಿ ಎತ್ತಿದವನು. ಅವನನ್ನು ಅಷ್ಟು ಸ್ಥೂಲವಾಗಿ ಬರೆದದ್ದಕ್ಕೆ ಹಲವರು ಆಕ್ಷೇಪಿಸಿದರು. ಅವನ ಹಚ್ಚೆ ತುಂಬಿದ ಮೈಯನ್ನೇ ಮಕ್ಕಳ ವೇಷದ ಬಟ್ಟೆಯಾಗಿ ಮಾರಾಟಕ್ಕಿಟ್ಟಾಗ ವಿರೋಧ ಎದ್ದು, ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ತುಳುನಾಡಿನ ದೈವದ ವೇಷವನ್ನು ವೇದಿಕೆಯ ಮನರಂಜನೆಗೆ ತೊಟ್ಟಾಗ ಅಲ್ಲಿನವರಿಗೆ ಏಕೆ ನೋವಾಗುತ್ತದೆ ಎಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬರಿಗೆ ಕಟ್ಟುಕಥೆಯಾದದ್ದು ಇನ್ನೊಬ್ಬರಿಗೆ ಕಟ್ಟಳೆಯಾಗಿರುತ್ತದೆ.

ಬರೆಯದೆ ಬಿಟ್ಟ ಜಾಗ

ತಂತ್ರಜ್ಞಾನ ಹೆಚ್ಚಿದಷ್ಟೂ ನಂಬಿಕೆ ಹೆಚ್ಚುತ್ತದೆ ಎಂದು ನಾನು ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಅದಕ್ಕಾಗಿ ‘ಫ್ರೋಜನ್’ ಬಂದ ಅದೇ 2013ರಲ್ಲಿ ಜಪಾನಿನಲ್ಲಿ ತೆರೆಕಂಡ ಇಸಾವೊ ತಕಹಾತ ಅವರ ‘ರಾಜಕುಮಾರಿ ಕಗುಯಾಳ ಕಥೆ’ಯನ್ನು ನೆನೆಯುತ್ತೇನೆ. ಇದಕ್ಕೆ ಮೂಲ, ಬಿದಿರು ಕಡಿಯುವವನ ಹಳೆಯ ಕಥೆ. ಉಳಿದುಬಂದಿರುವ ಜಪಾನೀ ಗದ್ಯಕಥನಗಳಲ್ಲಿ ಅತ್ಯಂತ ಹಳೆಯದು ಎನ್ನುತ್ತಾರೆ. ಬಿದಿರಿನೊಳಗೆ ಸಿಕ್ಕ ಅಂಗೈಯಗಲದ ಹೆಣ್ಣುಮಗು ಬಿದಿರಿನ ಹಾಗೇ ಸರಸರ ಬೆಳೆಯುತ್ತದೆ.

ತಕಹಾತ ಇದನ್ನು ಜಲವರ್ಣದಲ್ಲಿ, ಇದ್ದಿಲಿನಂಥ ಗೆರೆಗಳಲ್ಲಿ ಬರೆಸಿದರು. ಹಾಳೆಯ ಅಂಚು ಬಿಳಿಯಾಗೇ ಉಳಿಯುತ್ತದೆ. ಅರಮನೆಯ ಔತಣದಲ್ಲಿ ಕುಡಿದ ಗಂಡಸರ ಮಾತು ಕೇಳಿ ಕಗುಯಾ ಓಡುವ ದೃಶ್ಯವಿದೆ. ಪದರ ಪದರದ ಉಡುಪು ಕಳಚಿ ಬೀಳುತ್ತದೆ; ಗೆರೆಗಳು ಒರಟಾಗುತ್ತವೆ; ಮುಖ ಬರಿಯ ಗೀಚಾಗುತ್ತದೆ. ಆಮೇಲೆ ನೋಡಿದರೆ ಅವಳು ಮತ್ತೆ ಅದೇ ಕೋಣೆಯಲ್ಲಿದ್ದಾಳೆ. ಕನಸೋ ನಿಜವೋ ಚಿತ್ರ ಹೇಳುವುದಿಲ್ಲ. ಅಲ್ಲಿ ಒಂದೊಂದು ಕೂದಲೆಳೆಯನ್ನೂ ಬರೆದಿದ್ದರೆ ನಾವು ಕೂದಲು ನೋಡುತ್ತಿದ್ದೆವು. ಬರೆಯದೆ ಬಿಟ್ಟದ್ದರಿಂದ ಅವಳ ಸಂಕಟ ನೋಡಿದೆವು. ಆ ಬಿಳಿಯ ಜಾಗ ನಮ್ಮ ಹ್ಞೂಂಗಾಗಿ ಕಾದಿಟ್ಟ ಜಾಗ.

ಹೂವಾಗುವ ಹುಡುಗಿ

ಕಟ್ಟಿನ ಈ ತತ್ವವನ್ನು ನಾನು ಮೊದಲು ಕಲಿತದ್ದು ಯಾವ ಚಿತ್ರದಿಂದಲೂ ಅಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿ ಜಗತ್ತಿಗೆ ತಲುಪಿಸಿದ, ಹೂಮರವಾಗುವ ಹುಡುಗಿಯ ಕನ್ನಡ ಜನಪದ ಕಥೆಯಿಂದ. ಗಿರೀಶ ಕಾರ್ನಾಡರು ಇದನ್ನಾಧರಿಸಿ ‘ಚೆಲುವಿ’ ಎಂಬ ಸಿನಿಮಾ ಮಾಡಿದರು.

ಬಡ ಮನೆಯ ಹುಡುಗಿ. ಉಗುರು ತಾಗದಂತೆ ತಂದ ಎರಡು ಕೊಡ ನೀರು. ಒಂದನ್ನು ಸುರಿದರೆ ಅವಳು ಹೂಬಿಟ್ಟ ಮರವಾಗುತ್ತಾಳೆ. ಚಿಗುರು, ಎಲೆ ಮುರಿಯದೆ ಹೂ ಬಿಡಿಸಿ ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ಒಂದು ದಿನ ನಾದಿನಿ ಹಟ ಹಿಡಿದು ಅವಳನ್ನು ಮರವಾಗಿಸಿ, ಗೆಳತಿಯರ ಜೊತೆ ಕೊಂಬೆಗಳನ್ನು ಸಿಗಿದುಹಾಕುತ್ತಾಳೆ. ನೀರು ಹೇಗೋ ಸುರಿದು ಹೋಗಿಬಿಡುತ್ತಾರೆ. ಕೈಯಿಲ್ಲದ, ಕಾಲಿಲ್ಲದ ಮೈಯೊಂದು ಅಲ್ಲಿ ಉಳಿಯುತ್ತದೆ. ಬಹಳ ಕಾಲದ ಮೇಲೆ ಅವಳನ್ನು ಕಂಡುಕೊಂಡ ರಾಜಕುಮಾರ ನೀರೆರೆದು, ಮುರಿದ ಕೊಂಬೆಗಳನ್ನು ಒಂದೊಂದಾಗಿ ಸರಿಪಡಿಸುತ್ತಾನೆ.

ಎರಡು ಕೊಡ, ಉಗುರು, ಚಿಗುರು: ಇಷ್ಟೇ ಕಟ್ಟು. ಅದನ್ನು ಮೀರಿದ ಮನುಷ್ಯರ ಒರಟುತನಕ್ಕೆ ಒಬ್ಬ ಹೆಣ್ಣು ಅಂಗಾಂಗ ತೆರುತ್ತಾಳೆ. ಇದನ್ನು ಹೇಳಿದ ಹೆಂಗಸರಿಗೆ ಮಾಯೆ ಎಂದರೇನು ಎಂದು ಯಾರೂ ಪಾಠ ಮಾಡಿರಲಿಲ್ಲ. ಮದುವೆಯಾಗಿ ಹೋದ ಮನೆಯಲ್ಲಿ ಹೆಣ್ಣುಮಕ್ಕಳ ಕೊಂಬೆ ಮುರಿಯುವುದನ್ನು ಅವರು ಕಂಡಿದ್ದರು. ನಮ್ಮ ನೆಲದ ಈ ಕಥೆಗೆ ತಕಹಾತ ಅವರಂಥ ಮೃದುವಾದ ಕೈಯ ಕುಂಚವೊಂದು ಸಿಗಲಿ ಎಂಬುದು ನನ್ನ ಹಂಬಲ. ಈ ಸಭೆಯಲ್ಲಿ ಚಿತ್ರ ಬರೆಯುವ ಮಕ್ಕಳಿದ್ದರೆ ಅವರ ಕೈಗೆ ಇದನ್ನು ಒಪ್ಪಿಸುತ್ತಿದ್ದೇನೆ. ಉಗುರು ತಾಗದಂತೆ ಎತ್ತಿಕೊಳ್ಳಿ.

ಮೊಮ್ಮಗಳಿಗೆ ಉತ್ತರ

ಗಾಜಿನ ಚಪ್ಪಲಿ ಯಾಕೆ ಉಳಿಯಿತು? ಡಿಸ್ನಿಯವರು ಆಧರಿಸಿದ್ದು ಶಾರ್ಲ್ ಪೆರೊ 1697ರಲ್ಲಿ ಪ್ರಕಟಿಸಿದ ಕಥೆಯನ್ನು. ಅದನ್ನು ಮತ್ತೆ ಓದಿದೆ. ಅಲ್ಲಿ ಕಿನ್ನರಿ ಕುಂಬಳಕಾಯಿಯನ್ನು ಸಾರೋಟಾಗಿ ಮಾಡುತ್ತಾಳೆ, ಇಲಿಗಳನ್ನು ಕುದುರೆಗಳಾಗಿ ಮಾಡುತ್ತಾಳೆ, ಹರಕು ಬಟ್ಟೆಯನ್ನು ಜರತಾರಿ ಮಾಡುತ್ತಾಳೆ. ಚಪ್ಪಲಿಯನ್ನು ಮಾತ್ರ ಯಾವುದರಿಂದಲೂ ಮಾಡುವುದಿಲ್ಲ. ಅದನ್ನು ಕೊಡುತ್ತಾಳೆ.

ನಾನು ಇದನ್ನು ಹೀಗೆ ಓದುತ್ತೇನೆ: ಬೇರೊಂದರಿಂದ ಮಾರ್ಪಟ್ಟದ್ದು ಹೊತ್ತು ಮೀರಿದ ಮೇಲೆ ತನ್ನ ಮೂಲಕ್ಕೆ ಹಿಂದಿರುಗುತ್ತದೆ, ಪ್ರೀತಿಯಿಂದ ಕೊಟ್ಟದ್ದು ಉಳಿಯುತ್ತದೆ. 1950ರ ಚಿತ್ರದಲ್ಲೂ ಹರಕು ಬಟ್ಟೆಯಲ್ಲಿ ನಿಂತ ಹುಡುಗಿ ಉಳಿದ ಚಪ್ಪಲಿಯನ್ನು ನೋಡಿ, ಮೇಲೆ ಮುಖವೆತ್ತಿ, ಕಾಣದ ಕಿನ್ನರಿಗೆ ಕೃತಜ್ಞತೆ ಹೇಳುತ್ತಾಳೆ.

ಮೊಮ್ಮಗಳಿಗೆ ಇದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹ್ಞೂಂ’ ಅಂದಳು.

ಪ್ರಶ್ನೆ ಕೇಳುವ ಮಗು ಕಥೆಯನ್ನು ನಂಬದ ಮಗು ಎಂದು ನಾವು ತಪ್ಪು ತಿಳಿಯುತ್ತೇವೆ. ಹನ್ನೆರಡು ಗಂಟೆಯ ಕರಾರನ್ನು ಅವಳು ಮನಸಾರೆ ನಂಬಿದ್ದರಿಂದಲೇ ಚಪ್ಪಲಿಯ ಲೆಕ್ಕ ಕೇಳಿದಳು. ಅಂಥ ಪ್ರಶ್ನೆಗೆ ‘ಕಥೆಯಲ್ಲಿ ಹಾಗೇ’ ಎಂದು ಬಾಯಿ ಮುಚ್ಚಿಸಿದರೆ, ಮಾತಿಗೆ ಕಟ್ಟು ಬೇಕಿಲ್ಲ ಎಂದು ಮಗುವಿಗೆ ಕಲಿಸಿದಂತಾಗುತ್ತದೆ. ನಾನು ಒಮ್ಮೆ ಆ ತಪ್ಪು ಮಾಡಿದೆ. ನೀವು ಮಾಡಬೇಡಿ. ಮಗುವಿನ ಜೊತೆ ಕೂತು, ಕಥೆಗೇ ಹಿಂದಿರುಗಿ ಉತ್ತರ ಹುಡುಕಿ.